ಫರಸಿ ನೆಲದ ಹಣ್ಣಿನ ಗಿಡ ಹಳದಿ ಆದರೆ ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಸುತ್ತ ಹೊಲ ಇರುವವರಿಗೆ ಈ ನೆಲ ಗೊತ್ತು. ಹಾರೆ ಹಾಕಿದರೆ ಕೆಲವು ಕಡೆ ಒಂದು ಅಡಿಗೆ, ಕೆಲವು ಕಡೆ ಎರಡು ಅಡಿಗೆ ಠಣ್ ಅನ್ನುತ್ತದೆ. ಕೆಳಗೆ ಫರಸಿ ಕಲ್ಲು, ಅಂದರೆ ಸುಣ್ಣದ ಕಲ್ಲು, ಪದರ ಪದರವಾಗಿ ಮಲಗಿದೆ. ಈ ಕಲ್ಲಿನಿಂದಲೇ ಈ ಭಾಗದಲ್ಲಿ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಬಂದವು. ಮೇಲಿನ ತೆಳು ಮಣ್ಣಿನಲ್ಲಿ ತೊಗರಿ, ಹೆಸರು ಹೇಗೋ ಬರುತ್ತವೆ. ಆದರೆ ಮೋಸಂಬಿ, ನಿಂಬೆ, ಮಾವು, ಪೇರಲ ಹಚ್ಚಿದರೆ ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ ಎಲೆ ಹಳದಿ ಆಗಲು ಶುರುವಾಗುತ್ತದೆ.

ಹಳದಿ ಕಂಡ ಕೂಡಲೇ ಎಲ್ಲರೂ ಔಷಧಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಒಂದು ಬಾಟಲಿ ಕೊಡುತ್ತಾರೆ, ಹೊಡೆಯುತ್ತೇವೆ, ಎಂಟು ದಿನ ಹಸಿರು ಕಾಣುತ್ತದೆ, ಮತ್ತೆ ಹಳದಿ. ಇದು ನಿಲ್ಲಬೇಕು ಅಂತಲೇ ನಾನು ಇದನ್ನು ಬರೆಯುತ್ತಿದ್ದೇನೆ. ನಮ್ಮ ನೆಲದಲ್ಲಿ ಮಣ್ಣಿನ ಸುಣ್ಣ, ಬುಡದಲ್ಲಿ ನಿಂತ ನೀರು, ಬೇರಿಗೆ ಜಾಗ ಇಲ್ಲದಿರುವುದು, ಈ ಮೂರೂ ಎಲೆಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆದರೆ ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ದುಡ್ಡೂ ಹೋಗುತ್ತದೆ, ಗಿಡವೂ ಹೋಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲಕ್ಕೆ ಇದು ಹೊಂದುವುದಿಲ್ಲ, ಅಲ್ಲಿನ ತೊಂದರೆಗಳೇ ಬೇರೆ. ಆಳಂದ, ಅಫಜಲಪುರ ಕಡೆಯ ಎರೆ ಮಣ್ಣಿನಲ್ಲಿ ಕೆಳಗಿರುವುದು ಸುಣ್ಣದ ಕಲ್ಲಲ್ಲ, ಕರಿಕಲ್ಲು. ಆದರೂ ಮಣ್ಣಿನಲ್ಲಿ ಸುಣ್ಣದ ಹರಳು ಇರುವುದರಿಂದ ಅಲ್ಲಿಯವರಿಗೆ ಅರ್ಧದಷ್ಟು ಉಪಯೋಗ ಆಗುತ್ತದೆ.

ಮೊದಲು ಯಾವ ಎಲೆ ಅಂತ ನೋಡಿ

ಗಿಡ ಹಳದಿ ಆಗಿದೆ ಅಂದರೆ ಸಾಲದು. ಹೊಸ ಎಲೆಯೋ ಹಳೆ ಎಲೆಯೋ? ಮೊದಲ ಪ್ರಶ್ನೆ ಇದೇ.

ತುದಿಯ ಚಿಗುರು ಎಲೆ ಹಳದಿ, ಆದರೆ ಅದರ ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಾಣುತ್ತಿವೆ, ಕೆಳಗಿನ ಹಳೆ ಎಲೆ ಚೆನ್ನಾಗಿದೆ ಎಂದರೆ ಅದು ಕಬ್ಬಿಣದ ಕೊರತೆ. ಜಾಸ್ತಿ ಆದರೆ ಚಿಗುರು ಪೂರ್ತಿ ಬಿಳಿಚಿಕೊಂಡು ಅಂಚು ಸುಡುತ್ತದೆ. ಹೊಸ ಎಲೆ ಹಳದಿ ಆಗುವುದರ ಜೊತೆಗೆ ಸಣ್ಣದಾಗಿ, ಕಿರಿದಾಗಿ, ಗೊಂಚಲು ಗೊಂಚಲಾಗಿ ಬರುತ್ತಿದ್ದರೆ ಸತುವಿನ ಕೊರತೆ. ನಿಂಬೆ ಜಾತಿಯಲ್ಲೂ ಪೇರಲದಲ್ಲೂ ಇದು ತುಂಬಾ ಸಾಮಾನ್ಯ. ಎರಡೂ ಒಟ್ಟಿಗೆ ಇರುವುದೂ ಉಂಟು. ಸುಣ್ಣ ಜಾಸ್ತಿ ಇರುವ ಮಣ್ಣು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಹಳೆ ಎಲೆ ಮೊದಲು ಸಮನಾಗಿ ಹಳದಿ ಆದರೆ ಸಾರಜನಕ ಕಡಿಮೆ. ಹಳೆ ಎಲೆಯ ಎರಡೂ ಬದಿ ಹಳದಿ ಆಗಿ, ತೊಟ್ಟಿನ ಹತ್ತಿರ ಮಾತ್ರ ಹಸಿರು ತ್ರಿಕೋನ ಉಳಿದಿದ್ದರೆ ಮೆಗ್ನೀಸಿಯಂ. ಹಳೆ ಎಲೆಯ ತುದಿ, ಅಂಚು ಒಣಗಿ ಕಂದು ಆಗಿದ್ದರೆ ಉಪ್ಪು ನೀರಿನ ಅನುಮಾನ ಪಡಿ. ಮಾವಿನಲ್ಲಿ ಇದು ಬೇಗ ಕಾಣುತ್ತದೆ.

ಇನ್ನು ಎಳೆಯದು, ಹಳೆಯದು ಎರಡೂ ಮಂಕಾಗಿ, ಜೋಲು ಬಿದ್ದು, ಮಣ್ಣು ಹಸಿ ಇದ್ದರೂ ಗಿಡ ಬಾಡಿದಂತೆ ಕಂಡರೆ ಎಲೆ ನೋಡುವುದನ್ನು ಬಿಟ್ಟು ಸೀದಾ ಬುಡಕ್ಕೆ ಹೋಗಿ. ಆ ದೋಷ ಕೆಳಗಿದೆ.

ಕಾರ್ಖಾನೆ ಹತ್ತಿರ ಅಥವಾ ಕಲ್ಲು ಸಾಗಿಸುವ ರಸ್ತೆ ಬದಿಯ ತೋಟ ಇದ್ದರೆ ಎಲೆಯನ್ನು ಬೆರಳಿನಿಂದ ಒರೆಸಿ ನೋಡಿ. ಬೂದು ಪುಡಿ ಕೈಗೆ ಬಂದು ಕೆಳಗೆ ಎಲೆ ಹಸಿರಾಗಿದ್ದರೆ ಅದು ಬರೀ ದೂಳು. ನೀರು ಸಿಂಪಡಿಸಿ ತೊಳೆದರೆ ಸಾಕು.

ಒಂದು ಟೊಂಗೆಯ ಮೇಲೆ ಪರೀಕ್ಷೆ

ಕಬ್ಬಿಣವೋ ಸತುವೋ ಅಂತ ಗೊಂದಲ ಇದ್ದರೆ ಇಡೀ ತೋಟಕ್ಕೆ ಹೊಡೆಯಬೇಡಿ. ಒಂದೇ ಗಿಡದಲ್ಲಿ ಮೂರು ಟೊಂಗೆ ಆರಿಸಿ. ಮೂರಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ.

ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ. ಕೊಳ್ಳುವಾಗ ಹರಳಿನ ಬಣ್ಣ ನೋಡಿ. ತಿಳಿ ಹಸಿರು ಇರಬೇಕು. ಕಂದು ಪುಡಿ ಆಗಿದ್ದರೆ ಅದು ಹಳೆಯದು, ಗಾಳಿಗೆ ಕೆಟ್ಟಿದೆ, ಎಲೆಗೆ ಅದರಿಂದ ಏನೂ ಸಿಗುವುದಿಲ್ಲ. ನಮ್ಮ ಬೋರ್ ನೀರು ಗಡಸು. ಅದರಲ್ಲಿ ಹಾಕಿದ ಸ್ವಲ್ಪ ಹೊತ್ತಿಗೆ ದ್ರಾವಣ ತುಕ್ಕು ಬಣ್ಣಕ್ಕೆ ತಿರುಗುತ್ತದೆ. ಹಾಗೆ ಆದರೂ ಕೆಲಸಕ್ಕೆ ಬಾರದು. ಅದಕ್ಕೇ ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಲೀಟರಿಗೆ 1 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಮೊದಲು ಕರಗಿಸಿ ಆಮೇಲೆ ಅನ್ನಭೇದಿ ಹಾಕಿ. ಎರಡು ಹನಿ ಶಾಂಪೂ ಸೇರಿಸಿದರೆ ಎಲೆಗೆ ಅಂಟುತ್ತದೆ. ಸಂಜೆ ಹೊತ್ತು ಮೊದಲ ಟೊಂಗೆಯ ಎಳೆ ಎಲೆಗಳನ್ನು ಈ ನೀರಿನಲ್ಲಿ ಅದ್ದಿ ತೆಗೆಯಿರಿ.

ಎರಡನೇ ಟೊಂಗೆಗೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು ಎರಡೂವರೆ ಗ್ರಾಂ ಸುಣ್ಣ ಕರಗಿಸಿದ ತಿಳಿ. ಇಲ್ಲಿ ಸುಣ್ಣ ಹಾಕುವುದು ಎಲೆ ಸುಡಬಾರದು ಅಂತ. ಮೂರನೆಯದನ್ನು ಹಾಗೇ ಬಿಡಿ.

ಒಂದು ವಾರ, ಹತ್ತು ದಿನ ಬಿಟ್ಟು ನೋಡಿ. ಕಬ್ಬಿಣದ ಕೊರತೆ ಆಗಿದ್ದರೆ ಮೊದಲ ಟೊಂಗೆಯ ಎಲೆಯಲ್ಲಿ ದ್ರಾವಣ ತಾಗಿದಲ್ಲೆಲ್ಲಾ ಹಸಿರು ಚುಕ್ಕೆ ಏಳುತ್ತವೆ. ಹನಿ ಕೂತ ಜಾಗ ಹಸಿರು, ಪಕ್ಕದ ಜಾಗ ಹಳದಿ, ಅಷ್ಟು ಸ್ಪಷ್ಟ. ಮೂರೂ ಟೊಂಗೆಯಲ್ಲಿ ಏನೂ ವ್ಯತ್ಯಾಸ ಇಲ್ಲ ಅಂದರೆ ಎಲೆಗೆ ಹೊಡೆದು ಸರಿಮಾಡುವ ದೋಷ ಇದಲ್ಲ.

ಇಷ್ಟಕ್ಕೇ ನಿಲ್ಲಬೇಡಿ. ಹಸಿರು ಬಂತು ಅಂದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ ಗೊತ್ತಾಯಿತು, ಅಷ್ಟೇ. ಯಾಕೆ ಸಿಗುತ್ತಿಲ್ಲ ಅನ್ನುವುದು ಇನ್ನೂ ಗೊತ್ತಾಗಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸಾಕಷ್ಟು ಇರುತ್ತದೆ. ಬೇರು ಅದನ್ನು ಎಳೆದುಕೊಳ್ಳಲು ಆಗುತ್ತಿಲ್ಲ.

ಬುಡ ಅಗೆದು ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಮುಖ್ಯವಾದದ್ದು ಇದೇ.

ಚಿತ್ತಾಪುರ ಕಡೆಯ ಒಬ್ಬ ಹುಡುಗ ಒಂದು ಸಲ ತನ್ನ ಮೋಸಂಬಿ ತೋಟಕ್ಕೆ ಕರೆದುಕೊಂಡು ಹೋಗಿದ್ದ. "ಕಾಕಾ, ಎಲ್ಲಾ ಹಾಕೀನ್ರಿ. ಜಿಂಕ್ ಹಾಕೀನಿ, ಜಿಪ್ಸಂ ಹಾಕೀನಿ. ಆದ್ರೂ ಹಸಿರು ಬರವಲ್ದು" ಅಂದ. ಮಳೆ ನಿಂತು ಬಹಳ ದಿನ ಆಗಿತ್ತು, ಮೇಲೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕಾಂಡದಿಂದ ಎರಡು ಅಡಿ ದೂರದಲ್ಲಿ ಗುದ್ದಲಿ ಹಾಕಿದೆವು. ಒಂದು ಅಡಿ ತನಕ ಮಣ್ಣು ಪುಡಿ ಪುಡಿ. ಅದರ ಕೆಳಗೆ ಅಂಟು ಕೆಸರು, ಚರಂಡಿ ವಾಸನೆ. ಒಂದು ಬೇರು ಎಳೆದರೆ ಮೇಲಿನ ಸಿಪ್ಪೆ ಕೈಯಲ್ಲೇ ಉಳಿದು ಒಳಗಿನ ಬಿಳಿ ನಾರು ಮಾತ್ರ ಆ ಕಡೆ ಹೋಯಿತು. ಜೆಸಿಬಿಯಿಂದ ಕಲ್ಲಿನಲ್ಲಿ ಗುಂಡಿ ಕೊರೆಸಿ, ಒಳ್ಳೆ ಮಣ್ಣು ತುಂಬಿ ಸಸಿ ಇಟ್ಟಿದ್ದರು. ಆ ಗುಂಡಿ ಕಲ್ಲಿನ ಬೋಗುಣಿ ಆಗಿತ್ತು. ಸುತ್ತಲಿನ ನೀರೆಲ್ಲಾ ಬಂದು ಅದರಲ್ಲೇ ನಿಲ್ಲುತ್ತಿತ್ತು, ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ನೀವು ಅಗೆದಾಗ ಮೂರು ವಿಷಯ ಗಮನಿಸಿ. ಕಲ್ಲು ಎಷ್ಟು ಆಳಕ್ಕೆ ಸಿಕ್ಕಿತು? ಬೇರಿನ ಬಣ್ಣ, ವಾಸನೆ ಹೇಗಿದೆ? ಮಣ್ಣು ಆಸಿಡ್‌ಗೆ ನೊರೆ ಬರುತ್ತದೆಯಾ?

ಚೆನ್ನಾಗಿರುವ ಬೇರಿನ ತುದಿ ಬಿಳಿ ಅಥವಾ ತಿಳಿ ಕಂದು ಇರುತ್ತದೆ, ಮುರಿದರೆ ಗಟ್ಟಿ. ಕೊಳೆತದ್ದು ಕಪ್ಪು, ಮೆತ್ತಗೆ. ನೊರೆ ಪರೀಕ್ಷೆಗೆ ಬಾತ್‌ರೂಮ್ ತೊಳೆಯುವ ಆಸಿಡ್ ಎರಡು ಹನಿ ಸಾಕು. ಕೈಗೆ ಗ್ಲೌಸ್ ಇರಲಿ, ಮುಖ ದೂರ ಇರಲಿ. ಮೇಲಿನ ಮಣ್ಣು, ಅರ್ಧ ಅಡಿ ಕೆಳಗಿನದು, ಕಲ್ಲಿನ ಮೇಲಿನದು, ಮೂರನ್ನೂ ಬೇರೆ ಬೇರೆ ಇಟ್ಟು ಹನಿ ಹಾಕಿ. ಮೇಲೆ ಏನೂ ಆಗದೆ ಕೆಳಗೆ ಬುಸುಬುಸು ನೊರೆ ಬಂದರೆ, ಗಿಡ ಚಿಕ್ಕದಿದ್ದಾಗ ಚೆನ್ನಾಗಿದ್ದು ಬೇರು ಕೆಳಗೆ ಹೋದ ಮೇಲೆ ಯಾಕೆ ಹಳದಿ ಆಯಿತು ಅನ್ನುವುದಕ್ಕೆ ಉತ್ತರ ಸಿಕ್ಕಂತೆ. ಮಣ್ಣು ಪರೀಕ್ಷೆಗೆ ಕಳಿಸುವಾಗಲೂ ಹೀಗೇ ಬೇರೆ ಬೇರೆ ಚೀಲ ಕೊಡಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅಂತ ಹೇಳುವ ಅಂಕಿ), ಸುಣ್ಣದ ಅಂಶ, ಲವಣಾಂಶ ಮೂರನ್ನೂ ಕೇಳಿ. ಸುಣ್ಣದ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಚೀಚೆ ಬರುತ್ತದೆ. ಎಂಟೂವರೆ ದಾಟಿ 9ರ ಕಡೆ ಹೋದರೆ ಸೋಡಿಯಂ ಸೇರಿಕೊಂಡಿದೆ ಅಂತ ಅನುಮಾನ ಪಡಬೇಕು.

ಇನ್ನೊಂದು ಪರೀಕ್ಷೆ ಇದೆ. ಗಿಡಗಳ ನಡುವೆ ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಪೂರ್ತಿ ಇಳಿಯಲಿ. ಮತ್ತೊಮ್ಮೆ ತುಂಬಿ ಒಂದು ಕಡ್ಡಿ ನೆಟ್ಟು ಗುರುತು ಮಾಡಿ. ತಾಸಿಗೆ ಎರಡೂವರೆ ಸೆಂಟಿಮೀಟರ್ ಆದರೂ ಇಳಿಯಬೇಕು. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ಆ ಜಾಗದಲ್ಲಿ ಯಾವ ಗೊಬ್ಬರ ಹಾಕಿದರೂ ವ್ಯರ್ಥ, ಮೊದಲು ನೀರಿಗೆ ದಾರಿ ಮಾಡಬೇಕು.

ನೀರು ನಿಂತದ್ದೇ ದೋಷ ಆಗಿದ್ದರೆ

ಸುಣ್ಣದ ಮಣ್ಣಿನಲ್ಲಿ ನೀರು ನಿಂತರೆ ಎರಡು ಥರ ಹೊಡೆತ. ಬೇರಿಗೆ ಉಸಿರಾಡಲು ಆಗುವುದಿಲ್ಲ, ಇದು ಎಲ್ಲ ಕಡೆ ಇರುವುದೇ. ಇಲ್ಲಿ ಇನ್ನೊಂದು ಸೇರುತ್ತದೆ. ಬೇರು, ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೆ ನೀರಿನಲ್ಲಿ ಕರಗುತ್ತದೆ. ಅದು ಸುಣ್ಣವನ್ನು ಕರಗಿಸಿ ಬೈಕಾರ್ಬೊನೇಟ್ ಮಾಡುತ್ತದೆ. ಗಿಡಕ್ಕೆ ಕಬ್ಬಿಣ ಸಿಗದಂತೆ ಮಾಡುವುದರಲ್ಲಿ ದೊಡ್ಡ ಪಾಲು ಈ ಬೈಕಾರ್ಬೊನೇಟಿನದು. ಮಳೆಗಾಲ ಮುಗಿಯುತ್ತಿದ್ದಂತೆ ಚಿಗುರು ಒಮ್ಮೆಲೇ ಹಳದಿ ಆಗಿ, ನೆಲ ಒಣಗಿದ ಮೇಲೆ ತಾನಾಗಿ ಸ್ವಲ್ಪ ಹಸಿರು ತಿರುಗುವುದನ್ನು ಎಷ್ಟೋ ಜನ ನೋಡಿರುತ್ತೀರಿ, ಅಲ್ವಾ? ಕಾರಣ ಇದೇ.

ಹಳದಿ ಕಂಡು ನೀರು ಜಾಸ್ತಿ ಬಿಡುವವರು ಈ ದೋಷವನ್ನು ಇನ್ನೂ ಬೆಳೆಸುತ್ತಾರೆ. ಮೊದಲು ನೀರು ಕಡಿಮೆ ಮಾಡಿ. ಇಳಿಜಾರಿನ ಕಡೆಗೆ ಗುಂಡಿಯಿಂದ ಒಂದು ಕಾಲುವೆ ಕೊರೆಯಿರಿ. ಅದು ಗುಂಡಿಯ ತಳದಷ್ಟೇ ಆಳ ಇರಬೇಕು, ಮೇಲೆ ಮೇಲೆ ಕೆರೆದರೆ ಪ್ರಯೋಜನ ಇಲ್ಲ. ಫರಸಿ ಕಲ್ಲಿನ ಪದರದಲ್ಲಿ ನೆಟ್ಟಗೆ ಇಳಿಯುವ ಬಿರುಕುಗಳು ಇರುತ್ತವೆ. ಗಣಿಯಲ್ಲಿ ಕಲ್ಲು ಎಬ್ಬಿಸುವವರಿಗೆ ಅವು ಎಲ್ಲಿವೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಅಂಥ ಒಬ್ಬರನ್ನು ಕರೆದು, ಗುಂಡಿಯ ತಳ ಬಿರುಕಿಗೆ ಕೂಡುವ ಹಾಗೆ ಕಂಪ್ರೆಸರ್‌ನಿಂದ ತೂತು ಹೊಡೆಸಿದರೆ ನೀರು ಇಳಿಯುತ್ತದೆ, ಬೇರೂ ಅದೇ ದಾರಿ ಹಿಡಿಯುತ್ತದೆ. ಗಿಡ ಇಡುವ ಮೊದಲು ಇದು ಸುಲಭ. ಇಟ್ಟ ಮೇಲೆ ಬದಿಯಿಂದ ಮಾಡಬೇಕು.

ನಿಂಬೆ, ಮೋಸಂಬಿಯಲ್ಲಿ ಕಾಂಡದ ಬುಡದಿಂದ ಅಂಟು ಸೋರುತ್ತಿದ್ದರೆ ಕೊಳೆರೋಗ ಶುರುವಾಗಿದೆ. ಕೆಟ್ಟ ತೊಗಟೆಯನ್ನು ಚಾಕುವಿನಿಂದ ಹಸಿರು ಕಾಣುವ ತನಕ ಕೆರೆದು ಬೋರ್ಡೋ ಮುಲಾಮು ಹಚ್ಚಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಪಾತಿಯ ನೀರು ಕಾಂಡಕ್ಕೆ ತಾಗದಂತೆ ಒಳಗೆ ಒಂದು ಏರಿ, ಹೊರಗೆ ಒಂದು ಏರಿ ಮಾಡಿ, ನಡುವೆ ನೀರು ಬಿಡಿ. ಕಸಿ ಕಟ್ಟಿದ ಗಂಟು ಮಣ್ಣಿನಲ್ಲಿ ಹೂತಿದ್ದರೆ ಇವತ್ತೇ ಮಣ್ಣು ಸರಿಸಿ.

ಬೋರ್ ನೀರಿನ ದೋಷ ಬೇರೆ. ಡ್ರಿಪ್ಪಿನ ಬಾಯಲ್ಲಿ ಬಿಳಿ ಗಟ್ಟಿ ಕೂರುತ್ತಿದ್ದರೆ ನೀರಿನಲ್ಲೇ ಬೈಕಾರ್ಬೊನೇಟ್ ಇದೆ. ಅಂಥ ನೀರಿಗೆ ಆಸಿಡ್ ಸೇರಿಸುವುದುಂಟು, ಆದರೆ ನೀರು ಪರೀಕ್ಷೆ ಮಾಡಿಸಿ ಪ್ರಮಾಣ ಕೇಳಿಕೊಂಡೇ ಮಾಡಬೇಕು. ಕೃಷಿಹೊಂಡದ ಮಳೆ ನೀರು ಇದ್ದರೆ ಹಣ್ಣಿನ ಗಿಡಕ್ಕೇ ಮೊದಲು ಕೊಡಿ.

ಸುಣ್ಣವೇ ದೋಷ ಅಂತ ಖಚಿತ ಆದರೆ

ಬೇರು ಚೆನ್ನಾಗಿದೆ, ನೀರು ಇಳಿಯುತ್ತಿದೆ, ಮಣ್ಣು ಮಾತ್ರ ಜೋರಾಗಿ ನೊರೆ ಬರುತ್ತದೆ, ಟೊಂಗೆ ಪರೀಕ್ಷೆಯಲ್ಲಿ ಕಬ್ಬಿಣಕ್ಕೆ ಹಸಿರು ಬಂತು. ಆಗ ಸುಣ್ಣದ ಮದ್ದಿಗೆ ಹೋಗಬಹುದು.

ಗಂಧಕ ಹಾಕಿ ಸುಣ್ಣ ತೆಗೆಯುತ್ತೇವೆ ಅನ್ನುವವರು ಒಂದು ಲೆಕ್ಕ ನೋಡಿ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 850 ಟನ್ ತೂಗುತ್ತದೆ. ಅದರಲ್ಲಿ ನೂರಕ್ಕೆ 10 ಪಾಲು ಸುಣ್ಣ ಇದ್ದರೆ 85 ಟನ್. 1 ಕಿಲೋ ಗಂಧಕ ಸುಮಾರು 3 ಕಿಲೋ ಸುಣ್ಣವನ್ನು ತೀರಿಸುತ್ತದೆ. ಅಂದರೆ ಎಕರೆಗೆ 27, 28 ಟನ್ ಗಂಧಕ ಬೇಕು, ಕೆಳಗಿನ ಕಲ್ಲು ಮತ್ತೆ ಸುಣ್ಣ ಕೊಡುತ್ತಲೇ ಇರುತ್ತದೆ. ಆಗದ ಮಾತು. ಜಿಪ್ಸಂ ಕೂಡ ಸುಣ್ಣದ ಮಣ್ಣಿಗೆ ಮದ್ದಲ್ಲ, ಅದು ಸೋಡಿಯಂ ಜಾಸ್ತಿ ಇರುವ ಚೌಳು ಮಣ್ಣಿಗೆ. ಈ ಎರಡಕ್ಕೆ ನಮ್ಮ ಕಡೆ ರೈತರ ದುಡ್ಡು ಸುಮ್ನೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇಡೀ ಹೊಲದ ಮಣ್ಣು ಬದಲಿಸುವ ಆಸೆ ಬಿಡಿ. ಬೇರಿನ ಸುತ್ತ ನಾಲ್ಕು ಜಾಗ ಬದಲಿಸಿದರೆ ಸಾಕು. ಎಲೆಗಳ ನೆರಳು ಬೀಳುವ ಅಂಚಿನಲ್ಲಿ ನಾಲ್ಕು ಗುಂಡಿ ತೋಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಅನ್ನಭೇದಿ, ಸ್ವಲ್ಪ ಗಂಧಕ ಕಲಸಿ ತುಂಬಿ. ಅನ್ನಭೇದಿಯನ್ನು ಬರೀ ಮಣ್ಣಿಗೆ ಎರಚಿದರೆ ಕೆಲವೇ ದಿನದಲ್ಲಿ ತುಕ್ಕಾಗಿ ಹೋಗುತ್ತದೆ. ಗೊಬ್ಬರದ ಜೊತೆ ಇದ್ದರೆ ಬೇರಿಗೆ ಸಿಗುವಂತೆ ಹೆಚ್ಚು ದಿನ ಉಳಿಯುತ್ತದೆ.

ಚೀಲೇಟ್, ಅಂದರೆ ಸುಣ್ಣ ಹಿಡಿದಿಟ್ಟುಕೊಳ್ಳದಂತೆ ಇನ್ನೊಂದು ವಸ್ತುವಿನಲ್ಲಿ ಕಟ್ಟಿಟ್ಟ ಕಬ್ಬಿಣ, ಕೊಳ್ಳುವಾಗ ಹೆಸರು ಓದಿ. ಇಡಿಟಿಎ ಕಬ್ಬಿಣ ಅಗ್ಗ, ಎಲೆಗೆ ಸಿಂಪಡಿಸಲು ಆಗುತ್ತದೆ, ಆದರೆ ನಮ್ಮ ಸುಣ್ಣದ ಮಣ್ಣಿಗೆ ಹಾಕಿದರೆ ಉಳಿಯುವುದಿಲ್ಲ. ಮಣ್ಣಿಗೆ ಹಾಕುವುದಾದರೆ ಇಡಿಡಿಎಚ್‌ಎ ಕಬ್ಬಿಣ ಬೇಕು. ನೀರಿಗೆ ಹಾಕಿದರೆ ಗಾಢ ಕೆಂಪು ಆಗುತ್ತದೆ, ಗುರುತು ಸುಲಭ. ದುಬಾರಿ, ಆದರೆ ಪಿಎಚ್ 9ರಲ್ಲೂ ನಿಲ್ಲುತ್ತದೆ. ಬಿಸಿಲಿಗೆ ಕೆಡುತ್ತದೆ, ಅದಕ್ಕೇ ಸಂಜೆ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ ನೀರು ಬಿಡಿ. ಅಮೆರಿಕದ ದಕ್ಷಿಣ ಫ್ಲಾರಿಡಾದಲ್ಲಿ ಸಮುದ್ರದ ಹತ್ತಿರ, ಅಂಗೈ ಆಳದ ಮಣ್ಣಿನ ಕೆಳಗೆ ಬರೀ ಸುಣ್ಣದ ಕಲ್ಲು ಇರುವ ಕಡೆ ಮಾವು, ಬೆಣ್ಣೆಹಣ್ಣು ಬೆಳೆಯುವವರು ಕಲ್ಲಿನಲ್ಲಿ ಉದ್ದ ಕಾಲುವೆ ಕೊರೆದು ಗಿಡ ಇಡುತ್ತಾರೆ, ಬುಡಕ್ಕೆ ಇದೇ ಚೀಲೇಟ್ ಹಾಕುತ್ತಾರೆ. ಒಂದೊಂದು ಗುಂಡಿ ತೋಡದೆ ಉದ್ದ ಕಾಲುವೆ ಕೊರೆದರೆ ಬೇರಿಗೆ ಓಡಾಡಲು ಜಾಗ ಸಿಗುತ್ತದೆ. ಇದನ್ನು ನಾವೂ ಮಾಡಬಹುದು.

ಎಲೆಗೆ ಸಿಂಪಡಿಸಲು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಿಟ್ರಸ್ ಸ್ಪೆಷಲ್, ಅರ್ಕಾ ಮ್ಯಾಂಗೋ ಸ್ಪೆಷಲ್ ಎಂಬ ಲಘು ಪೋಷಕಾಂಶ ಮಿಶ್ರಣಗಳಿವೆ. ಪ್ಯಾಕೆಟ್ ಮೇಲಿನ ಪ್ರಮಾಣದಲ್ಲಿ, ಹೊಸ ಚಿಗುರು ಅರ್ಧ ಬಿಚ್ಚಿದಾಗ ಹೊಡೆಯಿರಿ. ಬಲಿತ ಎಲೆ ಕುಡಿಯುವುದು ಕಡಿಮೆ.

ರಂಜಕ ತುಂಬಿರುವ ಡಿಎಪಿ ಗೊಬ್ಬರ ಕಡಿಮೆ ಮಾಡಿ. ರಂಜಕ ಜಾಸ್ತಿ ಆದರೆ ಕಬ್ಬಿಣ, ಸತು ಎರಡೂ ಇನ್ನಷ್ಟು ಸಿಗದಂತಾಗುತ್ತವೆ. ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಒಳ್ಳೆಯದು, ಬೇರಿನ ಹತ್ತಿರ ಹುಳಿ ಸ್ವಲ್ಪ ಹೆಚ್ಚುತ್ತದೆ. ಯಾವ ಸಾರಜನಕ ಗೊಬ್ಬರ ಹಾಕಿದರೂ ಮೇಲೆ ಎರಚಿ ಬಿಡಬೇಡಿ, ಸುಣ್ಣದ ಮಣ್ಣಿನಿಂದ ಅದು ಗಾಳಿಗೆ ಹಾರಿಹೋಗುತ್ತದೆ. ಮಣ್ಣು ಮುಚ್ಚಿ. ಕಲ್ಲು ಪಾಲಿಶ್ ಮಾಡುವ ಕಡೆಯ ಬೂದಿಯಂಥ ಪುಡಿಯನ್ನು ಮಾತ್ರ ಗುಂಡಿಗೆ ತುಂಬಲೇಬೇಡಿ, ಅದು ಪೂರ್ತಿ ಸುಣ್ಣ.

ಆಳವೇ ಇಲ್ಲದಿದ್ದರೆ

ಬೇಸಿಗೆಯಲ್ಲಿ ಮಧ್ಯಾಹ್ನ ಬಾಡುವುದು, ಹಣ್ಣು ಗೋಲಿಯಷ್ಟಾಗಿ ಉದುರುವುದು, ಮೇ ತಿಂಗಳ ಬಿರುಗಾಳಿಗೆ ಗಿಡ ವಾಲುವುದು, ಇವು ಆಳ ಇಲ್ಲದ ನೆಲದ ಲಕ್ಷಣ. ಒಂದು ಅಡಿ ಮಣ್ಣು ಗಿಡಕ್ಕೆ ಸಿಗುವ ನೀರನ್ನು ನಾಲ್ಕು ಸೆಂಟಿಮೀಟರ್ ಚಿಲ್ಲರೆಯಷ್ಟು ಮಾತ್ರ ಹಿಡಿಯುತ್ತದೆ. ಕಲಬುರಗಿಯ 42, 43 ಡಿಗ್ರಿ ಬಿಸಿಲಿಗೆ ಅದು ಒಂದು ವಾರವೂ ಬರುವುದಿಲ್ಲ. ವಾರಕ್ಕೊಮ್ಮೆ ಪಾತಿ ತುಂಬ ನೀರು ಬಿಟ್ಟರೆ ಮೊದಲ ಎರಡು ದಿನ ಕೆಸರು, ಕೊನೆಯ ಎರಡು ದಿನ ಬರ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಬೇಕು.

ಮಣ್ಣನ್ನು ಮೇಲೆ ಏರಿಸುವುದೇ ಇದಕ್ಕೆ ದಾರಿ. ಎರಡು ಅಡಿ ಎತ್ತರ, ಆರು ಅಡಿ ಅಗಲದ ಏರುಮಡಿ ಮಾಡಿ ಅದರ ಮೇಲೆ ಸಸಿ ಇಡಿ. ಕೆರೆ ಹೂಳು ತರುವುದಾದರೆ ಮೊದಲು ಆಸಿಡ್ ಹನಿ ಹಾಕಿ ನೋಡಿ, ಈ ಭಾಗದ ಹೂಳಿನಲ್ಲೂ ಸುಣ್ಣ ಇರಬಹುದು. ಇರುವ ಗಿಡದ ಕಾಂಡಕ್ಕೆ ಮಣ್ಣು ಏರಿಸಬೇಡಿ, ಸುತ್ತ ಹೊರಗಡೆ ಏರಿಸಿ. ಬುಡಕ್ಕೆ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು ಹಾಸಿ, ಕಾಂಡದಿಂದ ಒಂದು ಗೇಣು ಬಿಟ್ಟು. ನಮ್ಮಲ್ಲಿ ರಾಶಿ ಮುಗಿದ ಮೇಲೆ ಅದಕ್ಕೆ ಬರ ಇಲ್ಲ. ನೆಲ ತಂಪಾಗಿರುತ್ತದೆ, ಕಳಿತ ಮೇಲೆ ಕಬ್ಬಿಣ ಸಿಗಲೂ ಸಹಾಯ ಆಗುತ್ತದೆ.

ಮತ್ತೆ ಹಚ್ಚುವುದಾದರೆ

ಕೆಲವು ಗಿಡ ಉಳಿಸುವುದರಲ್ಲಿ ಅರ್ಥ ಇಲ್ಲ. ಬೇರಿನ ಅರ್ಧಕ್ಕಿಂತ ಜಾಸ್ತಿ ಕೊಳೆತಿದ್ದರೆ ತೆಗೆದುಬಿಡಿ. ಆದರೆ ಅದೇ ಜಾಗಕ್ಕೆ ಅದೇ ಜಾತಿ ಇಡಬೇಡಿ. ಸೀತಾಫಲ, ಬಾರೆ, ಹುಣಸೆ, ನೆಲ್ಲಿ, ಅಂಜೂರ ಇಂಥ ನೆಲಕ್ಕೆ ಹೊಂದುತ್ತವೆ. ದಾಳಿಂಬೆ ಕೂಡ ಬರುತ್ತದೆ, ನೀರು ನಿಲ್ಲಬಾರದು ಅಷ್ಟೇ. ಚಿಕ್ಕು ಪರವಾಗಿಲ್ಲ. ಮಾವನ್ನು ನಾನು ಎರಡು ಅಡಿಗಿಂತ ಕಡಿಮೆ ಆಳದಲ್ಲಿ ಹಚ್ಚಿ ಅಂತ ಹೇಳುವುದಿಲ್ಲ.

ಮೋಸಂಬಿಯೇ ಬೇಕು ಅನ್ನುವವರು ನರ್ಸರಿಯಲ್ಲಿ ಮೇಲಿನ ತಳಿಗಿಂತ ಮೊದಲು ಬೇರುಸಸಿ, ಅಂದರೆ ಕಸಿಯ ಕೆಳಗಿನ ಬೇರಿನ ಗಿಡ, ಯಾವುದು ಅಂತ ಕೇಳಿ. ರಂಗಪುರ ನಿಂಬೆಯ ಮೇಲೆ ಕಸಿ ಮಾಡಿದ್ದು ಸುಣ್ಣವನ್ನೂ ಉಪ್ಪನ್ನೂ ಹೆಚ್ಚು ತಡೆಯುತ್ತದೆ. ಜಂಬೇರಿ ನಿಂಬೆಯ ಮೇಲಿನದು ಅದಕ್ಕಿಂತ ಕಡಿಮೆ. ಮೂರೆಲೆ ಕಿತ್ತಳೆ, ಅಂದರೆ ಟ್ರೈಫೋಲಿಯೇಟ್ ಮೇಲಿನದು ಈ ನೆಲದಲ್ಲಿ ಬರುವುದೇ ಇಲ್ಲ. ನರ್ಸರಿಯವರಿಗೆ ಬೇರುಸಸಿಯ ಹೆಸರು ಹೇಳಲು ಆಗದಿದ್ದರೆ ಆ ಸಸಿ ತರಬೇಡಿ.